ತಾತ ಯಾವ ಹಳ್ಳಿಯವರು? ನೆಬ್ರಾಸ್ಕಾದ ಜೆಕ್ಕರು ಮತ್ತು ರೋಜ್ ರೊಸಿಕಿ ಬಿಟ್ಟುಹೋದ ಪಟ್ಟಿ

1929ರಲ್ಲಿ ಅಮೆರಿಕದ ಓಮಹಾ ನಗರದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ನೆಬ್ರಾಸ್ಕಾ ರಾಜ್ಯಕ್ಕೆ ಬಂದು ನೆಲೆಸಿದ ಜೆಕ್ ಜನರ ಇತಿಹಾಸ ಅದು. ಬರೆದವರು ರೋಜ್ ರೊಸಿಕಿ. ಬರೆದವರು ಅನ್ನುವುದಕ್ಕಿಂತ ಕಲೆಹಾಕಿದವರು ಅಂದರೆ ಸರಿ. ತೆರೆದು ನೋಡಿದರೆ ಮೊದಲಿಗೆ ಬೇಜಾರೇ ಆಗುತ್ತದೆ. ಕೌಂಟಿಗೊಂದು, ಅಂದರೆ ಜಿಲ್ಲೆಗೊಂದು ಅಧ್ಯಾಯ, ಒಳಗೆ ಹೆಸರುಗಳ ಸಾಲು. ಯಾರು ಬಂದರು, ಎಲ್ಲಿಂದ ಬಂದರು, ಯಾವಾಗ ಬಂದರು. ನಡುನಡುವೆ ಚರ್ಚು, ಸಂಘ, ಪತ್ರಿಕೆ, ಹಳಬರ ನೆನಪು.

ಕಥೆಯ ರುಚಿ ಹುಡುಕಿ ಹೋದವರು ಹತ್ತು ಪುಟ ದಾಟುವುದು ಕಷ್ಟ. ಆದರೂ ಸುಮಾರು ನೂರು ವರ್ಷ ಕಳೆದ ಮೇಲೂ ಈ ಪುಸ್ತಕವನ್ನು ಜನ ತೆಗೆದು ನೋಡುತ್ತಿದ್ದಾರೆ. ಅದೇ ಕಾಲದಲ್ಲಿ ಬಂದ ಎಷ್ಟೋ ಚಂದದ ಪುಸ್ತಕಗಳಿಗೆ ಆ ಭಾಗ್ಯ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಹೊತ್ತಿಗೆ ನೆಬ್ರಾಸ್ಕಾದಲ್ಲಿ ಜೆಕ್ ಭಾಷೆಯ ಪತ್ರಿಕೆಗಳಿದ್ದವು, ಅಚ್ಚುಕೂಟ ಇತ್ತು, ಓದುವವರೂ ಇದ್ದರು. ರೊಸಿಕಿ 1928ರಲ್ಲಿ ಇದೇ ಇತಿಹಾಸವನ್ನು ಜೆಕ್ ಭಾಷೆಯಲ್ಲಿ ಹೊರತಂದೂ ಆಗಿತ್ತು. ಮರುವರ್ಷವೇ ಇಂಗ್ಲಿಷಿನಲ್ಲಿ ಮತ್ತೆ ತರುವ ಅವಸರ ಏನಿತ್ತು?

ಮೊದಲು ಈ ಜನ ಯಾರು ಅಂತ ನೋಡೋಣ. ನಮಗೆ ಜೆಕ್ಕರ ಪರಿಚಯ ಇರುವುದು ಹೆಚ್ಚಾಗಿ ಕಾಲಿನ ಕಡೆಯಿಂದ. ಬಾಟಾ ಕಂಪನಿ ಶುರುವಾದದ್ದು 1894ರಲ್ಲಿ, ಮೊರಾವಿಯಾದ ಜ್ಲೀನ್ ಎಂಬ ಊರಿನಲ್ಲಿ. ಬೊಹೀಮಿಯಾ ಮತ್ತು ಮೊರಾವಿಯಾ, ಇವೆರಡೂ ಜೆಕ್ಕರ ಮುಖ್ಯ ಸೀಮೆಗಳು. 1918ರ ತನಕ ಎರಡೂ ಆಸ್ಟ್ರಿಯಾದ ಹ್ಯಾಪ್ಸ್‌ಬರ್ಗ್ ಅರಸರ ಕೈಯಲ್ಲಿದ್ದವು. ಹೀಗಾಗಿ ಹಡಗಿನಿಂದ ಇಳಿದ ಜೆಕ್ ರೈತ ತನ್ನನ್ನು ಏನೆಂದು ಕರೆದುಕೊಂಡರೂ ಕಾಗದಪತ್ರದಲ್ಲಿ ಆಸ್ಟ್ರಿಯಾದವನೇ. ಅಮೆರಿಕನ್ನರು ಬೊಹೀಮಿಯನ್ ಅಂದರು. ಜರ್ಮನ್ ಅಂದುಕೊಂಡವರೂ ಇದ್ದರು. ರೊಸಿಕಿ ತಮ್ಮ ಪುಸ್ತಕದ ಹೆಸರಲ್ಲಿ ಜೆಕ್ ಅಂತ ಬರೆದು, ಪಕ್ಕದಲ್ಲೇ ಆವರಣದೊಳಗೆ ಬೊಹೀಮಿಯನ್ ಅಂತಲೂ ಹಾಕಬೇಕಾಯಿತು. ಇಲ್ಲದಿದ್ದರೆ ಓದುಗರಿಗೆ ತಿಳಿಯುತ್ತಿರಲಿಲ್ಲ.

ಬರಲು ಕಾರಣ ಒಂದೇ ಅಲ್ಲ. ಆಸ್ಟ್ರಿಯಾದ ಅರಸರ ವಿರುದ್ಧ ಎದ್ದ 1848ರ ದಂಗೆ ಸೋತ ಮೇಲೆ ಕೆಲವರು ರಾಜಕೀಯಕ್ಕಾಗಿ ಊರು ಬಿಟ್ಟರು. ಬಹಳ ಜನ ಬಿಟ್ಟದ್ದು ಜಮೀನಿಗಾಗಿ. ಊರಲ್ಲಿ ಪಾಲಾಗಿ ಪಾಲಾಗಿ ತುಂಡಾದ ಹೊಲ. ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾನೂನು 160 ಎಕರೆ ಕೊಡುತ್ತೇನೆ ಅನ್ನುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉತ್ತರೆ ಸಾಕು, ಸಣ್ಣ ಶುಲ್ಕ ಬಿಟ್ಟರೆ ದುಡ್ಡಿಲ್ಲ. ರೈಲು ಕಂಪನಿಗಳಿಗೂ ಹಳಿಯ ಪಕ್ಕದ ಜಮೀನು ಮಾರಬೇಕಿತ್ತು. ಅವು ಯುರೋಪಿನ ಭಾಷೆಗಳಲ್ಲೇ ಜಾಹೀರಾತು ಹಂಚಿದವು. 1856ರಿಂದ ಮೊದಲ ಮಹಾಯುದ್ಧದ ತನಕ ಸುಮಾರು 50,000 ಜೆಕ್ಕರು ನೆಬ್ರಾಸ್ಕಾಕ್ಕೆ ಬಂದರು ಎಂಬುದು ಅಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ.

ಆ ಜಮೀನು ಯಾರದಾಗಿತ್ತು ಅಂತಲೂ ಹೇಳಿಬಿಡಬೇಕು. ಪಾನೀ, ಓಟೋ, ಓಮಹಾ ಬುಡಕಟ್ಟುಗಳ ನೆಲ ಅದು. 1870ರ ದಶಕದಲ್ಲಿ ಪಾನೀ ಜನರನ್ನು ದಕ್ಷಿಣಕ್ಕೆ, ಈಗಿನ ಒಕ್ಲಹೋಮಾದ ಕಡೆಗೆ ಕಳಿಸಲಾಯಿತು. ವಲಸಿಗರ ಇತಿಹಾಸಗಳಲ್ಲಿ ಈ ಭಾಗ ಸಾಮಾನ್ಯವಾಗಿ ತೆಳುವಾಗಿಯೇ ಇರುತ್ತದೆ. ಖಾಲಿ ಬಯಲಿಗೆ ಬಂದೆವು ಅನ್ನುವ ಧಾಟಿಯಲ್ಲಿ ಶುರುವಾಗುತ್ತವೆ.

ಬಯಲಂತೂ ನಿಜ. ಮನೆ ಕಟ್ಟಲು ಮರವೇ ಇಲ್ಲ. ನೇಗಿಲಿನಿಂದ ಹುಲ್ಲುನೆಲವನ್ನು ಬೇರು ಸಮೇತ ಪಟ್ಟಿಪಟ್ಟಿಯಾಗಿ ಎಬ್ಬಿಸಿ, ಇಟ್ಟಿಗೆಯಂತೆ ತುಂಡು ಮಾಡಿ, ಹುಲ್ಲಿನ ಮುಖ ಕೆಳಗೆ ಮಾಡಿ ಒಂದರ ಮೇಲೊಂದು ಪೇರಿಸಿ ಗೋಡೆ ಎತ್ತುತ್ತಿದ್ದರು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಮಾಡಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. 1874ರಲ್ಲಿ ಮಿಡತೆ ಹಿಂಡು ಬಂದು ಪೈರನ್ನೆಲ್ಲ ತಿಂದುಹಾಕಿತು. 1888ರ ಜನವರಿ 12ರಂದು ಇದ್ದಕ್ಕಿದ್ದಂತೆ ಹಿಮಗಾಳಿ ಎದ್ದು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು ಸತ್ತರು. ಈ ಎರಡು ವರ್ಷ ಆ ಸೀಮೆಯ ಹಳೆಯ ಮನೆಗಳಲ್ಲಿ ಕಾಲದ ಗುರುತುಗಳೇ ಆದವು.

ಇಂಥ ಚದುರಿದ ಹೊಲಮನೆಗಳನ್ನು ಒಂದಕ್ಕೊಂದು ಕಟ್ಟಿದ್ದು ಅಂಚೆಯಲ್ಲಿ ಬರುವ ಪತ್ರಿಕೆ. ರೋಜ್ ರೊಸಿಕಿ ಬೆಳೆದದ್ದು ಅಂಥ ಪತ್ರಿಕೆಯ ಮನೆಯಲ್ಲಿ. ತಂದೆ ಯಾನ್ ರೊಸಿಕಿ ಬೊಹೀಮಿಯಾದ ಹುಂಪೊಲೆತ್ಸ್ ಊರಿನವರು. ಓಮಹಾದಲ್ಲಿ ಎಡ್ವರ್ಡ್ ರೋಸ್‌ವಾಟರ್ ಎಂಬ ಇನ್ನೊಬ್ಬ ಬೊಹೀಮಿಯಾದವರು 1871ರಲ್ಲಿ 'ಪೊಕ್ರೊಕ್ ಜಾಪಾದು' ಎಂಬ ಜೆಕ್ ಪತ್ರಿಕೆ ಶುರು ಮಾಡಿದ್ದರು. ಹೆಸರಿನ ಅರ್ಥ ಪಶ್ಚಿಮದ ಪ್ರಗತಿ. ಅದೇ ದಶಕದಲ್ಲಿ ಅದು ರೊಸಿಕಿ ಕೈಗೆ ಬಂತು. 1891ರಲ್ಲಿ ಅವರು ರೈತರಿಗೆಂದೇ 'ಹೊಸ್ಪೊದಾರ್ಷ್' ಪತ್ರಿಕೆ ತೆಗೆದರು. ಹೊಸ ಮಣ್ಣಿನಲ್ಲಿ ಜೋಳ ಹೇಗೆ ಬೆಳೆಯಬೇಕು, ದನಕ್ಕೆ ಕಾಯಿಲೆ ಬಂದರೆ ಏನು ಮಾಡಬೇಕು, ಹೀಗೆ ಬೇಸಾಯದ ಮಾತು. ಜೊತೆಗೆ ಓದುಗರ ಪತ್ರಗಳು. ಡಕೋಟಾದ ರೈತ ಬರೆದದ್ದನ್ನು ಟೆಕ್ಸಾಸ್‌ನವನು ಓದುತ್ತಿದ್ದ. ಮುಂದೆ ಇತಿಹಾಸ ಕಲೆಹಾಕಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಇನ್ನೇನು ಬೇಕು? ಯಾವ ಊರಲ್ಲಿ ಯಾರನ್ನು ಕೇಳಬೇಕು ಅನ್ನುವುದು ಆ ಮನೆಯವರಿಗೆ ಗೊತ್ತಿರುತ್ತದೆ.

ಈಗ ಅವಸರದ ವಿಷಯಕ್ಕೆ ಬರೋಣ. ವಲಸಿಗರ ಬರವಣಿಗೆಗೆ ಒಂದು ದಿಕ್ಕು ಇರುತ್ತದೆ, ಮತ್ತು ಅದು ಒಂದು ಹಂತದಲ್ಲಿ ತಿರುಗಿಬಿಡುತ್ತದೆ. ನೆಬ್ರಾಸ್ಕಾದ ಜೆಕ್ಕರಲ್ಲಿ ಆ ತಿರುವು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಮೊದಲ ತಲೆಮಾರಿಗೆ ಬೇಕಿದ್ದದ್ದು ಅಮೆರಿಕವನ್ನು ಜೆಕ್ ಭಾಷೆಯಲ್ಲಿ ಹೇಳುವವರು. ವಿಸ್ಕಾನ್ಸಿನ್‌ನ ರೆಸೀನ್ ಊರಿನಲ್ಲಿದ್ದ ಕಾರೆಲ್ ಯೊನಾಶ್ ಇದರಲ್ಲಿ ದೊಡ್ಡ ಹೆಸರು. ಜೆಕ್ಕರಿಗೆ ಇಂಗ್ಲಿಷ್ ಕಲಿಸುವ ಕೈಪಿಡಿ, ನಿಘಂಟು ಎಲ್ಲ ಮಾಡಿಕೊಟ್ಟರು. ಆಮೇಲೆ ಅದೇ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಕೂಡ ಆದರು. ರೊಸಿಕಿಯವರ ಪತ್ರಿಕೆಗಳೂ ಇದೇ ಕೆಲಸ ಮಾಡುತ್ತಿದ್ದವು.

ಮಹಾಯುದ್ಧದ ಹೊತ್ತಿಗೆ ಬೇರೆ ಒತ್ತಡ ಬಂತು. ಅಮೆರಿಕ ಯುದ್ಧಕ್ಕಿಳಿದಾಗ ಆಸ್ಟ್ರಿಯಾ ಶತ್ರುಗಳ ಸಾಲಿನಲ್ಲಿತ್ತು. ಜೆಕ್ಕರ ಕಾಗದದಲ್ಲಿ ಆಸ್ಟ್ರಿಯಾ ಅಂತಲೇ ಇತ್ತಲ್ಲ. ನಾವು ಆಸ್ಟ್ರಿಯಾದವರಲ್ಲ, ನಮ್ಮದು ಬೇರೆ ದೇಶ ಆಗಬೇಕು ಅಂತ ಅಮೆರಿಕನ್ನರಿಗೆ ಹೇಳಬೇಕಾಯಿತು. ಅಮೆರಿಕನ್ನರಿಗೆ ಹೇಳುವುದು ಅಂದರೆ ಇಂಗ್ಲಿಷಿನಲ್ಲೇ ಹೇಳಬೇಕು. ಹಿಂದೆ ಓಮಹಾದಲ್ಲಿ ಪತ್ರಕರ್ತರಾಗಿದ್ದು, ನ್ಯೂಯಾರ್ಕಿನಲ್ಲಿ ಬ್ಯಾಂಕು ನಡೆಸುತ್ತಿದ್ದ ತೊಮಾಶ್ ಚಾಪೆಕ್ 1920ರಲ್ಲಿ ಅಮೆರಿಕದ ಜೆಕ್ಕರ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ತಂದರು. ಅದರ ಓದುಗ ಹೊರಗಿನವನು. ನಾವು ಯಾರು, ನಿಮಗೆ ಏನು ಕೊಟ್ಟಿದ್ದೇವೆ ಎಂಬ ವಾದ ಅದರಲ್ಲಿದೆ.

ರೋಜ್ ರೊಸಿಕಿಯ ಓದುಗ ಹೊರಗಿನವನಲ್ಲ. ನಾನು ಈ ಪುಸ್ತಕವನ್ನು ಓದುವುದು ಹೀಗೆ: ಅವರ ಎದುರಿಗೆ ಕುಳಿತಿರುವುದು ಮೊಮ್ಮಕ್ಕಳು. ಹೊರಗಿನವನಿಗೆ ಒಬ್ಬೊಬ್ಬ ರೈತನ ಹುಟ್ಟೂರು ಯಾಕೆ ಬೇಕು? ಅವನಿಗೆ ನಾಲ್ಕು ದೊಡ್ಡ ಹೆಸರು, ಎರಡು ಅಂಕಿ ಅಂಶ, ಒಂದು ಜಾನಪದ ಉಡುಪಿನ ಫೋಟೋ ಸಾಕು. ಸಾಲು ಸಾಲು ಹೆಸರು ಬೇಕಾಗುವುದು ಆ ಹೆಸರು ಇಟ್ಟುಕೊಂಡವರಿಗೆ. ಅವರಿಗೆ ಜೆಕ್ ಓದಲು ಬರುವುದಿಲ್ಲ, ಅಥವಾ ಇನ್ನು ಹತ್ತು ವರ್ಷದಲ್ಲಿ ಬರುವುದಿಲ್ಲ. ಅದಕ್ಕೇ ಮರುವರ್ಷ ಇಂಗ್ಲಿಷ್.

ಹತ್ತು ವರ್ಷ ಅಂತ ಸುಮ್ನೆ ಹೇಳಲಿಲ್ಲ. ಅವರ ಕಣ್ಣೆದುರೇ ಒಂದೊಂದೇ ಬಾಗಿಲು ಮುಚ್ಚುತ್ತಿತ್ತು.

1907ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಜೆಕ್ ಪಾಠ ಶುರುವಾಗಿತ್ತು. ಮೊದಲ ಅಧ್ಯಾಪಕ ಜೆಫ್ರಿ ಹ್ರ್ಬೆಕ್ ಅದೇ ವರ್ಷ ತೀರಿಕೊಂಡರು. ಅಕ್ಕ ಶಾರ್ಕಾ ಹ್ರ್ಬ್ಕೊವಾ ಆ ಜಾಗಕ್ಕೆ ಬಂದು ವಿಭಾಗವನ್ನು ಬೆಳೆಸಿದರು. ಯುದ್ಧ ಮುಗಿಯುತ್ತಿದ್ದಂತೆ ಆ ವಿಭಾಗವೂ ನಿಂತಿತು. 1919ರ ಏಪ್ರಿಲ್‌ನಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಸೈಮನ್ ಕಾನೂನು ಅಂತ ಕರೆಯುತ್ತಾರೆ. ಯಾವ ಶಾಲೆಯಲ್ಲೂ, ಸರ್ಕಾರಿ ಇರಲಿ, ಖಾಸಗಿ ಇರಲಿ, ಚರ್ಚಿನದ್ದಿರಲಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವಂತಿಲ್ಲ. ಎಂಟನೇ ತರಗತಿ ಪಾಸಾಗದ ಮಗುವಿಗೆ ಬೇರೆ ಭಾಷೆಯನ್ನು ಕಲಿಸುವಂತೆಯೂ ಇಲ್ಲ.

ಸಿಟ್ಟು ಇದ್ದದ್ದು ಜರ್ಮನ್ ಮೇಲೆ. ಏಟು ಬಿದ್ದದ್ದು ಎಲ್ಲರಿಗೂ. ರಾಬರ್ಟ್ ಮೇಯರ್ ಎಂಬ ಲೂಥರನ್ ಶಾಲೆಯ ಮೇಷ್ಟ್ರು ಒಬ್ಬ ಹುಡುಗನಿಗೆ ಜರ್ಮನ್ ಬೈಬಲ್ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಅವರು ಬಿಡಲಿಲ್ಲ, ಸುಪ್ರೀಂ ಕೋರ್ಟ್ ತನಕ ಹೋದರು. 1923ರಲ್ಲಿ ಕೋರ್ಟು ಆ ಕಾನೂನನ್ನು ಹೊಡೆದುಹಾಕಿತು. ಅಮೆರಿಕದ ಸಂವಿಧಾನ ಓದುವವರೆಲ್ಲ ಇವತ್ತಿಗೂ ಓದುವ ತೀರ್ಪು ಅದು. ಆದರೆ ನಾಲ್ಕು ವರ್ಷದಲ್ಲಿ ಮನೆಗಳಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ ಅಲ್ವಾ? ಬೀದಿಯಲ್ಲಿ ಜೆಕ್ ಮಾತಾಡಿದರೆ ಯಾರಾದರೂ ತಿರುಗಿ ನೋಡುತ್ತಾರೆ ಅನ್ನುವ ಅಳುಕು ಮಕ್ಕಳಿಗೆ ಒಮ್ಮೆ ಹತ್ತಿದರೆ ಯಾವ ಕೋರ್ಟೂ ಅದನ್ನು ತೆಗೆಯಲಾರದು.

1924ರಲ್ಲಿ ಕೊನೆಯ ಬಾಗಿಲು. ಹೊಸ ವಲಸೆ ಕಾನೂನಿನ ಪ್ರಕಾರ 1890ರ ಜನಗಣತಿಯಲ್ಲಿ ಇದ್ದ ಆಯಾ ದೇಶದವರ ಸಂಖ್ಯೆಯ ಶೇ. 2ರಷ್ಟು ಜನ ಮಾತ್ರ ವರ್ಷಕ್ಕೆ ಬರಬಹುದು. ಪೂರ್ವ ಮತ್ತು ದಕ್ಷಿಣ ಯುರೋಪಿನವರನ್ನು ತಡೆಯಲೆಂದೇ ಹಳೆಯ ಗಣತಿಯನ್ನು ಆರಿಸಿಕೊಂಡದ್ದು. ಭಾಷೆಯ ಲೆಕ್ಕದಲ್ಲಿ ಇದು ದೊಡ್ಡ ಹೊಡೆತ. ಹೊಸದಾಗಿ ಬರುವವರು ಇದ್ದಾಗ ಅಂಗಡಿಯಲ್ಲಿ, ಚರ್ಚಿನಲ್ಲಿ, ಹೊಲದಲ್ಲಿ ಆ ಭಾಷೆ ಕೆಲಸಕ್ಕೆ ಬರುತ್ತಿರುತ್ತದೆ. ಮಕ್ಕಳು ಬೇಡವೆಂದರೂ ಕಿವಿಗೆ ಬೀಳುತ್ತದೆ. ಬರುವವರು ನಿಂತರೆ ಅದು ಅಜ್ಜಿಯ ಜೊತೆ ಮಾತ್ರ ಆಡುವ ಭಾಷೆ ಆಗುತ್ತದೆ. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ದಿಕ್ಕು ತಿರುಗಿದ್ದನ್ನು ಇನ್ನೂ ಹತ್ತಿರದಿಂದ ನೋಡಬೇಕಾದರೆ ಅಡುಗೆಮನೆಗೆ ಹೋಗಬೇಕು. ಓಮಹಾದಲ್ಲೇ ಮೇರಿ ರೊಸಿಕಿ ಎಂಬವರು ಒಂದು ಅಡುಗೆ ಪುಸ್ತಕ ಮಾಡಿದ್ದರು, ಜೆಕ್ ಭಾಷೆಯಲ್ಲಿ. ಜೆಕ್ ಅಡುಗೆಯೂ ಇತ್ತು, ಅಮೆರಿಕನ್ ಅಡುಗೆಯೂ ಇತ್ತು. ಜೆಕ್ ಅಡುಗೆ ಗೊತ್ತಿದ್ದ ಹೆಂಗಸರಿಗೆ ಅಮೆರಿಕದ ತಿಂಡಿ ತೀರ್ಥ ಕಲಿಸುವುದು ಇದರ ಅರ್ಧ ಕೆಲಸ. 1915ರಲ್ಲಿ ಇದೇ ಪುಸ್ತಕ ಇಂಗ್ಲಿಷಿಗೆ ಬಂತು. ಅಡುಗೆ ಅವೇ, ಓದುವವರು ಬೇರೆ. ಅಮ್ಮನಿಗೆ ಹೊಸದಾಗಿದ್ದ ಅಧ್ಯಾಯ ಮಗಳಿಗೆ ದಿನನಿತ್ಯದ್ದು. ಅಮ್ಮ ತೆರೆದೂ ನೋಡದಿದ್ದ ಅಧ್ಯಾಯವನ್ನು ಮಗಳು ಬೆರಳಿಟ್ಟು ಓದಬೇಕು.

ಆ ಅಧ್ಯಾಯದ ರಾಣಿ ಅಂದರೆ ಕೊಲಾಚ್. ಹಾಲು, ಬೆಣ್ಣೆ, ಮೊಟ್ಟೆ, ಯೀಸ್ಟ್ ಹಾಕಿ ಕಲಸಿದ ಮೆತ್ತನೆಯ ಮೈದಾ ಹಿಟ್ಟು. ಉಬ್ಬಿದ ಮೇಲೆ ಉಂಡೆ ಮಾಡಿ, ಮತ್ತೆ ಉಬ್ಬಲು ಬಿಟ್ಟು, ನಡುವೆ ಬೆರಳಿಂದ ಒತ್ತಿ ಗುಳಿ ಮಾಡಬೇಕು. ಗುಳಿಯೊಳಗೆ ಹೂರಣ. ಹೂರಣಗಳಲ್ಲಿ ಹಳಬರಿಗೆ ಹೆಚ್ಚು ಪ್ರೀತಿ ಗಸಗಸೆಯದ್ದು. ನಾವು ಪಾಯಸಕ್ಕೆ ರುಬ್ಬುತ್ತೇವೆ. ಅವರು ಅದಕ್ಕೆಂದೇ ಇರುವ ಪುಟ್ಟ ಕೈಗಿರಣಿಯಲ್ಲಿ ಪುಡಿ ಮಾಡಿ, ಹಾಲು ಸಕ್ಕರೆ ಹಾಕಿ ಗಟ್ಟಿಯಾಗುವ ತನಕ ಕುದಿಸುತ್ತಾರೆ. ಒಣ ಪ್ಲಮ್, ಏಪ್ರಿಕಾಟ್, ಒಡೆದ ಹಾಲಿನ ಗಟ್ಟಿ, ಇವೂ ಉಂಟು. ಮೇಲೆ ಬೆಣ್ಣೆ, ಸಕ್ಕರೆ, ಮೈದಾ ಉದುರುದುರಾಗಿ ಉಜ್ಜಿದ ಪುಡಿ.

ಇಷ್ಟು ಬರೆಯುವುದು ಸುಲಭ. ಕಷ್ಟ ಇರುವುದು ಬರೆಯದೇ ಬಿಟ್ಟದ್ದರಲ್ಲಿ. ಸೌದೆ ಒಲೆಯ ಕಾಲದ ಅಡುಗೆ ಪುಸ್ತಕಗಳು ಬಿಸಿಯನ್ನು ಡಿಗ್ರಿಯಲ್ಲಿ ಹೇಳುವುದು ಅಪರೂಪ. ಹದವಾದ ಬಿಸಿ ಅನ್ನುತ್ತವೆ, ಅಷ್ಟೇ. ಹಿಟ್ಟು ಎಷ್ಟು ಮೆತ್ತಗಿರಬೇಕು ಅಂತ ಕೈಗೆ ಗೊತ್ತಿರಬೇಕು. ಅಮ್ಮನ ಪಕ್ಕ ನಿಂತು ನೋಡಿದವಳಿಗೆ ಪುಸ್ತಕ ಒಂದು ನೆನಪೋಲೆ. ನೋಡದವಳಿಗೆ ಅರ್ಧ ಸೂಚನೆ. ಸಂಸ್ಕೃತಿಯನ್ನು ಬರೆದಿಟ್ಟು ಉಳಿಸುತ್ತೇವೆ ಅನ್ನುವವರು ಈ ಅರ್ಧದ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ.

ಕೊಲಾಚ್ ಆಮೇಲೆ ತನ್ನ ದಾರಿ ಹಿಡಿಯಿತು ಅನ್ನಿ. ಟೆಕ್ಸಾಸ್‌ನಲ್ಲಿ ಗುಳಿಯೊಳಗಿನ ಹೂರಣ ಹೋಗಿ ಹಿಟ್ಟಿನೊಳಗೆ ಸಾಸೇಜ್ ಬಂತು. ಪೆಟ್ರೋಲ್ ಬಂಕಿನ ಅಂಗಡಿಗಳಲ್ಲೂ ಕೊಲಾಚ್ ಅಂತ ಅದನ್ನೇ ಮಾರುತ್ತಾರೆ. ಅಲ್ಲಿನ ಹಳೆಯ ಜೆಕ್ ಬೇಕರಿಯವರು, ಇದು ಕೊಲಾಚ್ ಅಲ್ಲ, ಕ್ಲೊಬಾಸ್ನಿಕ್ ಅಂತ ಇನ್ನೂ ತಿದ್ದುತ್ತಲೇ ಇದ್ದಾರೆ. ಗಿರಾಕಿಗಳು ಕೇಳಿಸಿಕೊಂಡು ಎರಡು ಕೊಲಾಚ್ ಕೊಡಿ ಅನ್ನುತ್ತಾರೆ.

ಮತ್ತೆ ರೋಜ್ ರೊಸಿಕಿಯ ಪುಸ್ತಕಕ್ಕೆ. ಅಡುಗೆ, ಕುಣಿತ, ಕಸೂತಿಯ ಅಂಗಿ, ಇವುಗಳನ್ನು ಇಂಗ್ಲಿಷಿನಲ್ಲಿ ಹೇಳುವುದು ಸಂತೋಷದ ಕೆಲಸ. ಯಾರಿಗೂ ನೋವಾಗುವುದಿಲ್ಲ. ಮನೆಯೊಳಗಿನ ಜಗಳವನ್ನು ಏನು ಮಾಡುವುದು? ಜೆಕ್ಕರಲ್ಲಿ ಆ ಜಗಳ ಸಣ್ಣದಲ್ಲ. ಅದು ದೇವರ ವಿಷಯದ್ದು.

ಇದರ ಬೇರು ಬಹಳ ಹಿಂದಿನದು. ಯಾನ್ ಹುಸ್ ಎಂಬ ಜೆಕ್ ಧರ್ಮಸುಧಾರಕನನ್ನು 1415ರಲ್ಲಿ ಚರ್ಚು ಸುಟ್ಟು ಕೊಂದಿತು. 1620ರಲ್ಲಿ ಪ್ರಾಗ್ ಹತ್ತಿರದ ಬಿಳಿ ಬೆಟ್ಟದ ಯುದ್ಧದಲ್ಲಿ ಬೊಹೀಮಿಯಾದವರು ಸೋತರು. ಆಮೇಲೆ ಹ್ಯಾಪ್ಸ್‌ಬರ್ಗ್ ಅರಸರು ಇಡೀ ಸೀಮೆಯನ್ನು ಒತ್ತಾಯದಿಂದ ಕ್ಯಾಥೊಲಿಕ್ ಮಾಡಿದರು. ಹೀಗಾಗಿ ಬಹಳ ಜೆಕ್ಕರ ಮನಸ್ಸಿನಲ್ಲಿ ಚರ್ಚು ಮತ್ತು ಆಸ್ಟ್ರಿಯಾದ ಸರ್ಕಾರ ಬೇರೆ ಬೇರೆ ಅಲ್ಲ. ಅಮೆರಿಕಕ್ಕೆ ಬಂದ ಮೇಲೆ ಕೇಳುವವರಿಲ್ಲ. ದೊಡ್ಡ ಸಂಖ್ಯೆಯ ಜನ ಚರ್ಚು ಬಿಟ್ಟೇಬಿಟ್ಟರು. ಸ್ವತಂತ್ರ ಚಿಂತಕರು ಅಂತ ತಮ್ಮನ್ನು ಕರೆದುಕೊಂಡರು. ಉಳಿದವರು ಗಟ್ಟಿ ಕ್ಯಾಥೊಲಿಕ್ಕರಾಗಿಯೇ ಉಳಿದರು, ಸ್ವಲ್ಪ ಮಂದಿ ಪ್ರೊಟೆಸ್ಟೆಂಟರು.

ಚರ್ಚು ಬಿಟ್ಟರೆ ಸಾಲದು. ಚರ್ಚು ಮಾಡುತ್ತಿದ್ದ ಕೆಲಸಗಳನ್ನು ಯಾರಾದರೂ ಮಾಡಬೇಕಲ್ಲ. ಸತ್ತರೆ ಹೂಳುವುದು, ವಿಧವೆಗೆ ದುಡ್ಡು, ಭಾನುವಾರ ಸೇರುವ ಜಾಗ, ಮಕ್ಕಳಿಗೆ ಪಾಠ. 1876ರಲ್ಲಿ ಚಿಕಾಗೋದಲ್ಲಿ ಒಬ್ಬ ಜೆಕ್ ಹೆಂಗಸು ತೀರಿಕೊಂಡರು. ಪಾಪನಿವೇದನೆ ಮಾಡಿರಲಿಲ್ಲ ಅಂತ ಕ್ಯಾಥೊಲಿಕ್ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಆ ಸಿಟ್ಟಿನಲ್ಲಿ ಮರುವರ್ಷ ಜೆಕ್ಕರು ತಮ್ಮದೇ ಸ್ಮಶಾನ ಮಾಡಿಕೊಂಡರು. ನೆಬ್ರಾಸ್ಕಾದ ಬಯಲಿನಲ್ಲೂ ಅಷ್ಟೇ. ಒಂದೇ ಊರಿನ ಹೊರಗೆ ಕ್ಯಾಥೊಲಿಕ್ ಸ್ಮಶಾನ ಒಂದು, ರಾಷ್ಟ್ರೀಯ ಸ್ಮಶಾನ ಅಂತ ಇನ್ನೊಂದು. ವಂಶಾವಳಿ ಹುಡುಕುವವರು ಇದನ್ನು ತಿಳಿಯದೆ ತಪ್ಪು ಸ್ಮಶಾನದಲ್ಲಿ ಅಲೆಯುವುದುಂಟು.

ದುಡ್ಡಿನ ಭಾಗಕ್ಕೆ ಲಾಡ್ಜ್‌ಗಳು. ಲಾಡ್ಜ್ ಅಂದರೆ ಇಲ್ಲಿ ರೂಮು ಬಾಡಿಗೆಗೆ ಕೊಡುವ ಜಾಗ ಅಲ್ಲ, ಸದಸ್ಯರ ಸಹಾಯ ಸಂಘದ ಶಾಖೆ. 1854ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶುರುವಾದ ಸಿ.ಎಸ್.ಪಿ.ಎಸ್. ಎಂಬ ಜೆಕ್ ಸಂಘ ಇವುಗಳಲ್ಲಿ ಹಳೆಯದು. ಸದಸ್ಯ ಸತ್ತರೆ ಮನೆಯವರಿಗೆ ಹಣ, ಅದಕ್ಕೆ ಉಳಿದವರಿಂದ ವಂತಿಗೆ. ಇಲ್ಲೊಂದು ತಕರಾರು ಎದ್ದಿತು. ಇಪ್ಪತ್ತೈದರ ಹುಡುಗನಿಗೂ ಅರವತ್ತರ ಮುದುಕನಿಗೂ ಒಂದೇ ವಂತಿಗೆ. ಪಶ್ಚಿಮದ ರಾಜ್ಯಗಳ ಶಾಖೆಗಳಲ್ಲಿ ವಯಸ್ಸಿನವರು ಕಡಿಮೆ, ಯುವಕರು ಜಾಸ್ತಿ. ಪೂರ್ವದ ಹಳಬರ ಸಾವಿಗೆ ನಾವು ಕಟ್ಟುತ್ತಾ ಇರಬೇಕಾ ಅಂದರು ಇವರು. ವಯಸ್ಸಿಗೆ ತಕ್ಕ ವಂತಿಗೆ ಬೇಕು, ಹೆಂಗಸರಿಗೂ ಸಮಾನ ಸದಸ್ಯತ್ವ ಬೇಕು. ಒಪ್ಪಂದ ಆಗಲಿಲ್ಲ. 1897ರಲ್ಲಿ ಓಮಹಾದಲ್ಲಿ ಬೇರೆ ಸಂಘವೇ ಹುಟ್ಟಿತು, ಜಡ್.ಸಿ.ಬಿ.ಜೆ. ಅಂತ. ಆ ಅಕ್ಷರಗಳು ನೆಬ್ರಾಸ್ಕಾ, ಅಯೋವಾ ಊರುಗಳ ಹಳೆಯ ಸಭಾಭವನಗಳ ಹಣೆಯ ಮೇಲೆ ಈಗಲೂ ಕಾಣುತ್ತವೆ. ಜೊತೆಗೆ ಸೊಕೊಲ್. 1862ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ವ್ಯಾಯಾಮ ಸಂಘ ಅದು. ಅಮೆರಿಕದ ಊರುಗಳಲ್ಲಿ ಗರಡಿಯೂ ಅದೇ, ನಾಟಕದ ರಂಗವೂ ಅದೇ, ಮದುವೆ ಕುಣಿತದ ಹಾಲೂ ಅದೇ.

ಚರ್ಚಿನವರು, ಚರ್ಚು ಬಿಟ್ಟವರು, ಈ ಎರಡು ಬಣದವರು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬೈದಾಡಿಕೊಂಡವರು. ರೊಸಿಕಿ ಮನೆತನದ ಪತ್ರಿಕೆ ಚರ್ಚಿನ ಕಡೆಯದ್ದಲ್ಲ. ಹೀಗಿದ್ದೂ ರೋಜ್ ಅವರ ಪುಸ್ತಕದಲ್ಲಿ ಚರ್ಚಿಗೂ ಜಾಗ ಇದೆ, ಲಾಡ್ಜಿಗೂ ಇದೆ. ಒಂದೇ ಧಾಟಿಯಲ್ಲಿ ಅಕ್ಕಪಕ್ಕ. ಯಾವ ವರ್ಷ ಕಟ್ಟಿದರು, ಯಾರು ಮುಂದೆ ನಿಂತರು, ಮುಗಿಯಿತು. ಇದು ದೊಡ್ಡತನವೋ, ನುಣುಚಿಕೊಳ್ಳುವುದೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ನನಗೆ ಅನಿಸುವುದು, ಮೊಮ್ಮಕ್ಕಳಿಗಾಗಿ ಬರೆಯುವವರು ಹೀಗೆಯೇ ಮಾಡುತ್ತಾರೆ. ಅಜ್ಜಂದಿರು ಮಾತು ಬಿಟ್ಟಿದ್ದರು ಅಂತ ಹೇಳುವುದಕ್ಕಿಂತ ಇಬ್ಬರು ಅಜ್ಜಂದಿರ ಹೆಸರನ್ನೂ ಬರೆದಿಡುವುದು ಮುಖ್ಯ ಅನಿಸುತ್ತದೆ. ನಷ್ಟವೂ ಇದೆ. ಓದಿದ ಮೊಮ್ಮಗನಿಗೆ ಒಂದೇ ಊರಲ್ಲಿ ಎರಡು ಸ್ಮಶಾನ ಯಾಕೆ ಅಂತ ಹೊಳೆಯುವುದಿಲ್ಲ.

ಹೊರಗಿನವರೂ ಈ ಜನರ ಬಗ್ಗೆ ಬರೆದರು. ವಿಲ್ಲಾ ಕ್ಯಾಥರ್ ನೆಬ್ರಾಸ್ಕಾದ ರೆಡ್ ಕ್ಲೌಡ್‌ನಲ್ಲಿ ಬೆಳೆದವರು. ಅಲ್ಲಿನ ಒಬ್ಬ ಜೆಕ್ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು 1918ರಲ್ಲಿ ಬರೆದ ಕಾದಂಬರಿ ಅಮೆರಿಕದ ಶಾಲೆ ಕಾಲೇಜುಗಳಿಗೆ ಹೋಯಿತು. ನೆಬ್ರಾಸ್ಕಾದ ಜೆಕ್ಕರು ಅಂದರೆ ಬಹಳ ಅಮೆರಿಕನ್ನರಿಗೆ ಗೊತ್ತಿರುವುದು ಅಷ್ಟೇ. ಕ್ಯಾಥರ್ ಒಬ್ಬಳ ಬದುಕನ್ನು ಎಲ್ಲರಿಗೂ ಕಾಣಿಸಿದರು. ರೊಸಿಕಿ ಯಾರ ಬದುಕನ್ನೂ ಪೂರ್ತಿ ಹೇಳಲಿಲ್ಲ, ಎಷ್ಟೋ ಜನ ಸುಮ್ಮನೆ ಕಳೆದುಹೋಗದಂತೆ ಬರೆದಿಟ್ಟರು. ಒಳ್ಳೆಯ ಗದ್ಯ ಬೇಕಿದ್ದರೆ ಕ್ಯಾಥರ್ ಹತ್ತಿರ ಹೋಗಬೇಕು, ಅದರಲ್ಲಿ ಅನುಮಾನ ಇಲ್ಲ.

ಹಾಗಾದರೆ ಆ ಪಟ್ಟಿಯಲ್ಲಿ ಅಂಥದ್ದೇನಿದೆ? ಒಂದು ಉದಾಹರಣೆ ತೆಗೆದುಕೊಳ್ಳೋಣ. ಇವತ್ತು ಅಮೆರಿಕದಲ್ಲಿ ಒಬ್ಬರು ತಮ್ಮ ಮುತ್ತಾತನ ಮೂಲ ಹುಡುಕುತ್ತಿದ್ದಾರೆ. ಜನಗಣತಿ ನೋಡಿದರೆ ಹುಟ್ಟಿದ ಸ್ಥಳ: ಬೊಹೀಮಿಯಾ. ಕೆಲವೆಡೆ ಆಸ್ಟ್ರಿಯಾ. ಪೌರತ್ವದ ಹಳೆಯ ಕಾಗದದಲ್ಲಿ ಆಸ್ಟ್ರಿಯಾದ ಚಕ್ರವರ್ತಿಗೆ ನಿಷ್ಠೆ ಬಿಟ್ಟೆ ಅಂತ ಒಂದು ಸಾಲು. ಇಷ್ಟರಿಂದ ಏನೂ ಆಗುವುದಿಲ್ಲ. ಯಾಕೆಂದರೆ ಹುಟ್ಟು, ಮದುವೆ, ಸಾವಿನ ಹಳೆಯ ದಾಖಲೆ ಇರುವುದು ಚರ್ಚಿನ ರಿಜಿಸ್ಟರುಗಳಲ್ಲಿ. ರಿಜಿಸ್ಟರು ಚರ್ಚುವಾರು, ಚರ್ಚು ಹಳ್ಳಿವಾರು. ಅವೆಲ್ಲ ಈಗ ಜೆಕ್ ದೇಶದ ಪ್ರಾದೇಶಿಕ ದಫ್ತರಖಾನೆಗಳಲ್ಲಿವೆ. ಬಹಳಷ್ಟನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಪುಕ್ಕಟೆ ಹಾಕಿದ್ದಾರೆ. ಮನೆಯಲ್ಲೇ ಕೂತು ನೋಡಬಹುದು. ಆದರೆ ಯಾವ ಹಳ್ಳಿ ಅಂತ ಗೊತ್ತಿಲ್ಲದಿದ್ದರೆ ಯಾವ ರಿಜಿಸ್ಟರ್ ತೆರೆಯುವುದು? ಇಡೀ ಬೊಹೀಮಿಯಾದಲ್ಲಿ ಸಾವಿರಾರು ಹಳ್ಳಿ.

ಹಳ್ಳಿ ಹೆಸರು ಸಿಕ್ಕಿದರೂ ಕೆಲಸ ಮುಗಿಯುವುದಿಲ್ಲ. ಲ್ಹೋಟಾ ಎಂಬ ಹೆಸರಿನ ಊರುಗಳೇ ಆ ದೇಶದಲ್ಲಿ ನೂರಾರು ಇವೆ. ಯಾವ ಲ್ಹೋಟಾ, ಯಾವ ಪಟ್ಟಣದ ಹತ್ತಿರದ್ದು? ರಿಜಿಸ್ಟರ್ ಬರೆದ ಪಾದ್ರಿ ಕಾಲಕ್ಕೆ ತಕ್ಕಂತೆ ಲ್ಯಾಟಿನ್, ಜರ್ಮನ್, ಜೆಕ್ ಮೂರರಲ್ಲಿ ಯಾವುದರಲ್ಲಾದರೂ ಬರೆದಿರುತ್ತಾನೆ. ಯಾನ್ ಎಂಬ ಹುಡುಗ ಲ್ಯಾಟಿನ್ನಿನಲ್ಲಿ ಯೊಹಾನೆಸ್, ಜರ್ಮನ್ನಿನಲ್ಲಿ ಯೊಹಾನ್, ನೆಬ್ರಾಸ್ಕಾದಲ್ಲಿ ಜಾನ್. ಹೆಂಗಸರ ಮನೆತನದ ಹೆಸರಿಗೆ ಜೆಕ್ಕಿನಲ್ಲಿ ಬೇರೆ ಕೊನೆ ಇರುತ್ತದೆ, ಅಮೆರಿಕದಲ್ಲಿ ಅದು ಉದುರಿತು. ನಮ್ಮ ಲೇಖಕಿಯೇ ಜೆಕ್ ಪುಸ್ತಕದ ಮೇಲೆ ರೂಜೆನಾ ರೊಸಿತ್ಸ್ಕಾ, ಇಂಗ್ಲಿಷ್ ಪುಸ್ತಕದ ಮೇಲೆ ರೋಜ್ ರೊಸಿಕಿ. ಗೊತ್ತಿಲ್ಲದವರಿಗೆ ಇಬ್ಬರು ಬೇರೆ ಬೇರೆ ಹೆಂಗಸರು.

ಈ ಸಿಕ್ಕು ಬಿಡಿಸಲು ಎಳೆಯ ಒಂದು ತುದಿ ಬೇಕು. ಇಂಥವರು, ಇಂಥ ಊರಿನವರು, ಇಂಥ ವರ್ಷ ನೆಬ್ರಾಸ್ಕಾದ ಸಲೀನ್ ಕೌಂಟಿಗೆ ಬಂದರು ಅಂತ ಒಂದು ಸಾಲು ಸಿಕ್ಕಿಬಿಟ್ಟರೆ ಉಳಿದದ್ದು ತಾಳ್ಮೆಯ ಕೆಲಸ. ಆ ಸಾಲನ್ನು ಹಳಬರು ಬದುಕಿದ್ದಾಗಲೇ ಬರೆದುಕೊಳ್ಳಬೇಕಿತ್ತು. 1870ರಲ್ಲಿ ಇಪ್ಪತ್ತರ ಹುಡುಗನಾಗಿ ಬಂದವನಿಗೆ 1928ರಲ್ಲಿ ಎಪ್ಪತ್ತೆಂಟು. ಇನ್ನೂ ಸ್ವಲ್ಪ ತಡ ಮಾಡಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲ.

ಇಂಗ್ಲಿಷಿಗೆ ಬಂದ ಮೇಲೆ ಏನೇನು ಉಳಿಯಿತು ಅಂದರೆ ಚಿತ್ರ ಮಿಶ್ರ. ಸಲೀನ್ ಕೌಂಟಿಯ ವಿಲ್ಬರ್ ಎಂಬ ಊರು ತನ್ನನ್ನು ಅಮೆರಿಕದ ಜೆಕ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಎರಡು ಸಾವಿರ ಜನರೂ ಇಲ್ಲದ ಊರು. 1962ರಿಂದ ಆಗಸ್ಟ್‌ನಲ್ಲಿ ಅಲ್ಲಿ ಜೆಕ್ ಹಬ್ಬ. ಪೋಲ್ಕಾ ಕುಣಿತ, ಹಂದಿಮಾಂಸ, ಹುದುಗು ಎಲೆಕೋಸು, ಕೊಲಾಚ್, ಎಲ್ಲ ಉಂಟು. ಘೋಷಣೆ ಎಲ್ಲ ಇಂಗ್ಲಿಷಿನಲ್ಲಿ. ಓಮಹಾದ 13ನೇ ಬೀದಿಯಲ್ಲಿ 1924ರಿಂದ ನಡೆದ ಬೊಹೀಮಿಯನ್ ಕೆಫೆ 2016ರಲ್ಲಿ ಬಾಗಿಲು ಹಾಕಿತು. ಹೊಸ್ಪೊದಾರ್ಷ್ ಪತ್ರಿಕೆ ಓಮಹಾ ಬಿಟ್ಟು ಟೆಕ್ಸಾಸ್‌ಗೆ ಹೋಗಿ ಅಲ್ಲಿ ಬಹಳ ವರ್ಷ ನಡೆಯಿತು. ಅಯೋವಾದ ಸೀಡರ್ ರಾಪಿಡ್ಸ್‌ನಲ್ಲಿ ಜೆಕ್ ಮತ್ತು ಸ್ಲೊವಾಕ್ ಮ್ಯೂಸಿಯಂ ಇದೆ. 2008ರ ನೆರೆಯಲ್ಲಿ ಮುಳುಗಿತ್ತು. ಇಡೀ ಕಟ್ಟಡವನ್ನೇ ಎತ್ತಿ ಬೇರೆ ಜಾಗಕ್ಕೆ ಸರಿಸಿ 2012ರಲ್ಲಿ ಮತ್ತೆ ತೆರೆದರು.

ರೊಸಿಕಿಯ ಪಟ್ಟಿಗೂ ಒಂದು ಮಿತಿ ಇದೆ. ಇಂಥ ಪಟ್ಟಿಗೆ ಸುಲಭವಾಗಿ ಸಿಗುವುದು ಜಮೀನು ಹಿಡಿದು ಒಂದೇ ಕಡೆ ನಿಂತವರು. ಅವರ ಹೆಸರು ಭೂದಾಖಲೆಯಲ್ಲಿ ಇರುತ್ತದೆ, ಅಕ್ಕಪಕ್ಕದವರಿಗೂ ನೆನಪಿರುತ್ತದೆ. ದಕ್ಷಿಣ ಓಮಹಾದ ಕಸಾಯಿಖಾನೆಗಳಲ್ಲಿ ದುಡಿದ ಜೆಕ್ಕರೂ ಇದ್ದರು. ಬಾಡಿಗೆ ಮನೆ, ಕೆಲಸ ಹೋದರೆ ಬೇರೆ ಊರು. ಹೊಲಮನೆಗಳಲ್ಲಿ ಸಂಬಳಕ್ಕಿದ್ದ ಹುಡುಗಿಯರು ಮದುವೆಯಾಗಿ ಹೆಸರು ಬದಲಿಸಿಕೊಂಡು ಹೋದರು. ಅಂಥವರನ್ನು ಹುಡುಕಬೇಕಾದರೆ ಲಾಡ್ಜಿನ ವಂತಿಗೆ ಪುಸ್ತಕ, ಸ್ಮಶಾನದ ರಿಜಿಸ್ಟರ್, ಹಳೆಯ ಪತ್ರಿಕೆಯ ಓದುಗರ ಪತ್ರ ನೋಡಬೇಕು. ಅವುಗಳಲ್ಲಿ ಬಹಳಷ್ಟನ್ನು ಯಾರೂ ಇಂಗ್ಲಿಷಿಗೆ ತರಲಿಲ್ಲ. ಓದಬೇಕಾದರೆ ಜೆಕ್ ಕಲಿತೇ ಓದಬೇಕು.